ಬಿಳಿ ಗೋಡೆ ಕಾಯುವ ಕೆಲಸ

ಗ್ಯಾಲರಿಗೆ ಹೊಸದಾಗಿ ಸೇರುವ ಅಟೆಂಡರ್‌ಗಳಿಗೆ ಒಂದು ಕಾಗದ ಕೊಡುತ್ತಾರೆ. ಎಷ್ಟು ಗಂಟೆಗೆ ಬೀಗ ತೆಗೆಯಬೇಕು, ಎಸಿ ಎಷ್ಟಕ್ಕೆ ಇಡಬೇಕು, ಚಿತ್ರದಿಂದ ಜನ ಎಷ್ಟು ಅಡಿ ದೂರ ನಿಲ್ಲಬೇಕು, ಎಲ್ಲ ಅದರಲ್ಲಿದೆ. ನಾಲ್ಕು ವರ್ಷದ ಮಗು ಎರಡೂ ಕೈಗೆ ಹಳದಿ ಬಣ್ಣ ಬಳಿದುಕೊಂಡು ಬಂದು, ನಿಮ್ಮ ಪ್ಯಾಂಟು ಹಿಡಿದುಕೊಂಡು, ಸುಸ್ಸು ಬಂತು ಅಂದರೆ ಏನು ಮಾಡಬೇಕು ಅನ್ನುವುದು ಅದರಲ್ಲಿ ಇಲ್ಲ. ಅಂಥದ್ದನ್ನು ನಾನು ಬರೆಯುತ್ತಿದ್ದೇನೆ. ನನ್ನ ಜಾಗಕ್ಕೆ ಬರಲಿರುವ ಇಬ್ಬರು ಹುಡುಗರೂ ಕೋಲಾರದ ಕಡೆಯವರಂತೆ. ಅದಕ್ಕೆ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲು ನನ್ನ ಬಗ್ಗೆ ಸ್ವಲ್ಪ. ನಾನು ಕೊಳ್ಳೇಗಾಲದವನು, ಹೆಸರು ಮಾದಪ್ಪ. ಚಿಕ್ಕಂದಿನಲ್ಲಿ ಓದಲು ಆಗಲಿಲ್ಲ. ಟೂರಿಂಗ್ ಟಾಕೀಸಿಗೆ ಗೋಡೆ ಪೋಸ್ಟರ್ ಅಂಟಿಸುತ್ತಿದ್ದೆ. ಇಪ್ಪತ್ತಾರನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಟ್ಟಿದೆ. ಪರೀಕ್ಷೆ ಹಾಲಿಗೆ ನಾನು ಒಳಗೆ ಹೋದಾಗ ಹುಡುಗರೆಲ್ಲ ಮೇಷ್ಟ್ರು ಬಂದರು ಅಂತ ಎದ್ದು ನಿಂತರು. ನಾನು ಹೋಗಿ ಅವರ ಮಧ್ಯೆ ಕೂತ ಮೇಲೆ ಒಬ್ಬೊಬ್ಬರಾಗಿ ಕೂತರು. ಪಾಸಾದೆ. ಪೆರಂಬೂರಿನಲ್ಲಿ ರೈಲ್ವೆಯಲ್ಲಿದ್ದ ನಮ್ಮ ಭಾವ ಕರೆದರು, ಚೆನ್ನೈಗೆ ಬಂದೆ. ಎಗ್ಮೋರ್ ಸ್ಟೇಷನ್ನಿನ ಹತ್ತಿರ ಒಂದು ಸಂದಿಯಲ್ಲಿ ಈ ಗ್ಯಾಲರಿ. ಇಂಟರ್‌ವ್ಯೂನಲ್ಲಿ ಹಿಂದೆ ಏನು ಮಾಡುತ್ತಿದ್ದೆ ಅಂತ ಕೇಳಿದರು. ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದೆ ಅಂದೆ. ಅವರು "ಗೋಡೆಗೆ ಚಿತ್ರ ಹಾಕುವ ಅನುಭವ ಇದೆ" ಅಂತ ಬರೆದುಕೊಂಡರು. ಸುಳ್ಳೇನಲ್ಲ.

ಮೊದಲ ಇಪ್ಪತ್ತು ಚಿಲ್ಲರೆ ವರ್ಷ ನನ್ನ ಕೆಲಸಕ್ಕೆ ತಮಿಳಿನ ಒಂದೇ ಪದ ಸಾಕಾಗಿತ್ತು. "ತೊಡಾದೀಂಗ." ಮುಟ್ಟಬೇಡಿ. ದಿನಕ್ಕೆ ನೂರು ಸಲ ಹೇಳುತ್ತಿದ್ದೆ. ಮನೆಯಲ್ಲಿ ನಾನು ನಿದ್ದೆಯಲ್ಲೂ ಹೇಳುತ್ತಿದ್ದೆನಂತೆ. ನನ್ನ ಹೆಂಡತಿ ಜಯಮ್ಮ ಬೆಳಿಗ್ಗೆ ಎದ್ದು, "ಯಾರು ನಿಮ್ಮನ್ನ ಮುಟ್ಟೋಕೆ ಬಂದಿದ್ರು ರಾತ್ರಿ? ಅಷ್ಟ್ ಹೆದರ್ಕೊಂಡ್ ಮಲ್ಗಿದ್ರಿ" ಅನ್ನುತ್ತಿದ್ದಳು.

ಆಮೇಲೆ ವಸಂತಿ ಮೇಡಂ ಬಂದರು. ಶಾಲಾ ಮಕ್ಕಳಿಗೆ ಚಿತ್ರ ತೋರಿಸಿ ವಿವರಿಸುವ ಕೆಲಸಕ್ಕೆ ಬಂದವರು. ಸಣ್ಣ ಆಳು, ದೊಡ್ಡ ದನಿ. ಮೂರು ತಿಂಗಳಲ್ಲೇ ಮ್ಯಾನೇಜರ್ ರಾಜಗೋಪಾಲ್ ಸಾರ್ ಮುಂದೆ ಒಂದು ಬೇಡಿಕೆ ಇಟ್ಟರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಮೂರರಿಂದ ಆರು ವರ್ಷದ ಮಕ್ಕಳು ಮನೆಯವರ ಜೊತೆ ಬಂದು ಚಿತ್ರ ಮಾಡಬೇಕು, ಬೊಂಬೆ ಮಾಡಬೇಕು. ಪೂರ್ತಿ ಫ್ರೀ.

ಮ್ಯಾನೇಜರ್ ಸಾರ್ ಕೆಟ್ಟವರಲ್ಲ. ಗಲೀಜು ಕಂಡರೆ ಮಾತ್ರ ಅವರಿಗೆ ಜ್ವರ ಬರುತ್ತಿತ್ತು. ಬಿಳಿ ಷರಟು, ಬಿಳಿ ಗೋಡೆ, ಎಲ್ಲದಕ್ಕೂ ಮೆಮೊ. ಅವರ ತಮಿಳನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಫ್ರೀ ಅಂದ್ರೆ ಏನ್ ಗೊತ್ತಾ ಮೇಡಂ? ಭಾನುವಾರ ಇದು ಗ್ಯಾಲರಿ ಆಗಿರಲ್ಲ, ಪ್ಯಾರೀಸ್ ಕಾರ್ನರ್ ಸಂತೆ ಆಗಿರುತ್ತೆ."

"ಪ್ಯಾರೀಸ್ ಕಾರ್ನರ್‌ಗೆ ಜನ ಬರ್ತಾರೆ ಸಾರ್. ಇಲ್ಲಿಗೆ ಬರಲ್ಲ" ಅಂದರು ಮೇಡಂ.

ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. ಆವತ್ತು ಬೆಳಿಗ್ಗೆಯಿಂದ ಸಂಜೆವರೆಗೆ ಗ್ಯಾಲರಿಗೆ ಬಂದಿದ್ದು ಮೂರು ಜನ. ಅದರಲ್ಲಿ ಒಬ್ಬರು ಬಾತ್‌ರೂಮ್ ಎಲ್ಲಿ ಅಂತ ಕೇಳಲು ಬಂದಿದ್ದರು.

ಕೊನೆಗೆ ಸಾರ್ ಒಪ್ಪಿದರು, ಮೆಮೊ ಸಮೇತ. ಹಿಂದಿನ ಸಿಮೆಂಟು ನೆಲದ ಹಾಲಿನಲ್ಲಿ ಕ್ಲಾಸು ಮಾಡಬಹುದು. ಆದರೆ ಗ್ಯಾಲರಿಯ ಗೋಡೆಯ ಮೇಲಾಗಲಿ, ಚಿತ್ರದ ಮೇಲಾಗಲಿ ಬಣ್ಣದ ಕೈಗುರುತು ಒಂದೇ ಒಂದು ಕಂಡರೂ ಕ್ಲಾಸು ಅವತ್ತೇ ಬಂದ್. ಜವಾಬ್ದಾರಿ: ಮಾದಪ್ಪ. ಹೀಗೆ ನಾನು ಮಕ್ಕಳ ವಿಭಾಗಕ್ಕೆ ಬಂದೆ. ಬಡ್ತಿ ಅಂತ ತಿಳಿಯಬೇಡಿ.

ಮೊದಲ ಭಾನುವಾರ ಹದಿನಾಲ್ಕು ಮಕ್ಕಳು ಬಂದವು, ಜೊತೆಗೆ ಇಪ್ಪತ್ತೆಂಟು ಜನ ದೊಡ್ಡವರು. ಆಗ ನಮ್ಮ ಪದ್ಧತಿ ಏನೆಂದರೆ, ಮೇಡಂ ಬೋರ್ಡಿನ ಮೇಲೆ ಒಂದು ಆನೆ ಬರೆಯುವುದು, ಮಕ್ಕಳು ನೋಡಿ ಬರೆಯುವುದು. ಹತ್ತು ನಿಮಿಷ ಸರಿ ಹೋಯಿತು. ಆಮೇಲೆ ನೋಡಿದರೆ ಪೆನ್ಸಿಲ್ಲು, ಬ್ರಷ್ಷು ಎಲ್ಲ ಅಪ್ಪಂದಿರ ಕೈಯಲ್ಲಿ. ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಒಬ್ಬರು ಆನೆಯ ಸೊಂಡಿಲಿಗೆ ನೆರಳು ಬಿಡುತ್ತ ನಾಲಿಗೆ ಹೊರಗೆ ಹಾಕಿಕೊಂಡು ಕೂತಿದ್ದರು. ಅವರ ಮಗ ಮೇಜಿನ ಕೆಳಗೆ ಮಲಗಿ ನಿದ್ದೆ ಮಾಡುತ್ತಿದ್ದ. ಮುಗಿದ ಮೇಲೆ ಆ ಸಾರ್ ನನ್ನ ಹತ್ತಿರ ಬಂದು ಗುಟ್ಟಾಗಿ ಕೇಳಿದರು, "ಪ್ರೈಜ್ ಯಾವಾಗ ಅನೌನ್ಸ್ ಮಾಡ್ತೀರಿ?"

"ಪ್ರೈಜ್ ಇಲ್ಲ ಸಾರ್."

"ಸರ್ಟಿಫಿಕೇಟ್?"

"ಅದೂ ಇಲ್ಲ ಸಾರ್."

"ಮತ್ತೆ ಯಾಕ್ರೀ ನಾನು ಇಷ್ಟು ಕಷ್ಟಪಟ್ಟೆ?"

ಮುಂದಿನ ವಾರ ಮೇಡಂ ಬೋರ್ಡು ತೆಗೆಸಿದರು. ನೋಡಿ ಬರೆಯುವುದು ಬೇಡ, ಮನಸ್ಸಿಗೆ ಬಂದಿದ್ದು ಮಾಡಲಿ ಅಂದರು. ಆಗ ಅಪ್ಪ ಅಮ್ಮಂದಿರು ಇನ್ನೂ ಗಾಬರಿಯಾದರು. ಮಗು ಕಾಗದಕ್ಕೆಲ್ಲ ಕಪ್ಪು ಬಳಿದರೆ, "ಕಣ್ಣಾ, ಏನಿದು? ಮಳೆನಾ? ರಾತ್ರಿನಾ? ಹೇಳು, ಅಂಕಲ್ ಕೇಳ್ತಾರೆ" ಅಂತ ಪೀಡಿಸುತ್ತಿದ್ದರು. ನಾನು ಏನನ್ನೂ ಕೇಳುವವನಲ್ಲ.

ಇದಕ್ಕೆ ಉಪಾಯ ಸಿಕ್ಕಿದ್ದು ನನ್ನ ಹಳೇ ಕಸುಬಿನಿಂದ. ಟಾಕೀಸಿನಲ್ಲಿ ಮಾಲೀಕರ ಅಳಿಯ ಬಂದು, ಪೋಸ್ಟರ್ ಹಾಗೆ ಹಚ್ಚು ಹೀಗೆ ಹಚ್ಚು ಅಂತ ತಲೆ ತಿನ್ನುತ್ತಿದ್ದ. ನಾನು ಅಂಟಿನ ಬಕೆಟ್ಟು ಅವನ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕಳಿ ಬುದ್ದಿ" ಅನ್ನುತ್ತಿದ್ದೆ. ಕೈಗೆ ಕೆಲಸ ಬಂದರೆ ಬಾಯಿ ನಿಲ್ಲುತ್ತದೆ. ಅದನ್ನೇ ಇಲ್ಲಿ ಮಾಡಿದೆ. ಹಳೇ ಪೇಪರಿನ ಒಂದು ಕಟ್ಟು ತಂದು ಅಪ್ಪಂದಿರ ಮುಂದೆ ಇಟ್ಟು, "ಸಾರ್, ಇದನ್ನೆಲ್ಲ ಎರಡು ಬೆರಳಗಲಕ್ಕೆ ಹರಿದು ಕೊಡಬೇಕು, ತುಂಬ ಅರ್ಜೆಂಟು" ಅಂದೆ. ಎಂಟು ಅಪ್ಪಂದಿರು ಒಂದೂವರೆ ಗಂಟೆ ಪೇಪರ್ ಹರಿದರು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಬ್ಯಾಂಕಿನ ಸಾರ್ ಸ್ಕೇಲು ಕೇಳಿ ಪಡೆದರು. ಮಕ್ಕಳು ಆ ಹೊತ್ತಿನಲ್ಲಿ ಏನು ಬೇಕೋ ಅದು ಮಾಡಿಕೊಂಡವು. ವಸಂತಿ ಮೇಡಂ ಆ ಪೇಪರ್ ಚೂರು ನೋಡಿ ಇದೇನು ಮಾಡೋಣ ಅಂದರು. ಮುಂದಿನ ವಾರ ಅದನ್ನೇ ನೆನೆಹಾಕಿ, ಅರೆದು, ಬೊಂಬೆ ಮಾಡಿಸಿದರು. ನೀವೂ ಇದನ್ನು ನೆನಪಿಡಿ. ದೊಡ್ಡವರಿಗೆ ಕೆಲಸ ಕೊಡದೆ ಮಕ್ಕಳಿಗೆ ಬಣ್ಣ ಕೊಡಬೇಡಿ.

ಇನ್ನು ನನ್ನ ತಪ್ಪುಗಳು.

ಒಂದು, ಕತ್ತರಿ. ಮಕ್ಕಳ ಚಿತ್ರಗಳನ್ನು ಹಾಲಿನ ಹಗ್ಗಕ್ಕೆ ನೇತುಹಾಕುವುದು ನನ್ನ ಕೆಲಸ. ಅಂಟಿಸಿದ ಕಾಗದಗಳು ಅಂಚಿನಿಂದ ಹೊರಗೆ ಬಂದಿರುತ್ತಿದ್ದವು. ಪೋಸ್ಟರ್ ಹಚ್ಚಿದವನಿಗೆ ಸೊಟ್ಟ ಅಂಚು ಕಂಡರೆ ಆಗುವುದಿಲ್ಲ. ಎಲ್ಲವನ್ನೂ ನೀಟಾಗಿ ಕತ್ತರಿಸಿ ಹಾಕಿದೆ. ಒಂದು ಮಗು ಬಂದು ತನ್ನ ಚಿತ್ರ ನೋಡಿ ಕಿರುಚಿ ಅತ್ತಿತು. ನಾನು ಕತ್ತರಿಸಿದ್ದು ಅದರ ತಾತನ ಎರಡೂ ಕಾಲು. ಕಸದ ಬುಟ್ಟಿ ಬಗ್ಗಿಸಿ ತಾತನ ಕಾಲು ಹುಡುಕಲು ಅರ್ಧ ಗಂಟೆ ಆಯಿತು. ಸಿಕ್ಕಿದ್ದು ಒಂದೇ. ಮಗು ಅದನ್ನೇ ಅಂಟಿಸಿ, ತಾತನ ಕೈಗೆ ಒಂದು ಕೋಲು ಬರೆದು ಕೊಟ್ಟು ಸಮಾಧಾನವಾಯಿತು.

ಎರಡು, ಅಂಟು. ಅಂಗಡಿಯ ಅಂಟು ವಾಸನೆ ಅಂತ ತಾಯಂದಿರು ಹೇಳಿದರು. ನಾನು ಮೈದಾ ಅಂಟು ಕಾಯಿಸಿ ತರುತ್ತೇನೆ, ನಮ್ಮೂರಲ್ಲಿ ನನ್ನ ಅಂಟಿಗೆ ಹೆಸರಿತ್ತು, ಮೂರು ಮಳೆಗಾಲ ಪೋಸ್ಟರ್ ಬಿಡುತ್ತಿರಲಿಲ್ಲ ಅಂದೆ. ಮೇಡಂಗೆ ಖುಷಿಯಾಯಿತು. ಹುಳ ಬೀಳದಂತೆ ಏನು ಹಾಕುತ್ತೀರಿ ಅಂತ ಕೇಳಿದರು. ಮೈಲುತುತ್ತ ಅಂದೆ. ಅದು ವಿಷ ಅನ್ನುವುದು ನನಗೆ ಗೊತ್ತು, ಆದರೆ ಗೋಡೆ ಅಂಟು ತಿನ್ನುವುದಿಲ್ಲವಲ್ಲ, ಆ ಲೆಕ್ಕದಲ್ಲಿದ್ದೆ. ಮೇಡಂ ಕುರ್ಚಿ ಹಿಡಿದುಕೊಂಡು ಕೂತರು. "ಮಾದಪ್ಪಾ, ಇವು ಗೋಡೆಯಲ್ಲ, ಮಕ್ಕಳು" ಅಂದರು. ಬರೀ ಮೈದಾ, ಬರೀ ನೀರು ಅಂತ ಆಯಿತು.

ಆ ಅಂಟು ಕಾಯಿಸಿ ತಂದ ಭಾನುವಾರವೇ ಪುಟ್ಟತಾಯಮ್ಮ ಮೊದಲ ಸಲ ಬಂದಿದ್ದು. ಮದ್ದೂರಿನ ಕಡೆಯವರು, ಮಗನಿಗೆ ಮಣಲಿಯಲ್ಲಿ ಕಂಪನಿ ಕೆಲಸ. ನಾಲ್ಕೂವರೆ ವರ್ಷದ ಮೊಮ್ಮಗಳು ಧೃತಿಯನ್ನು ಕರೆದುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಬಟ್ಟಲಿನ ಅಂಟನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟು, ನನ್ನ ಕಡೆ ತಿರುಗಿ, "ಉಪ್ಪೇ ಹಾಕಿಲ್ವಲ್ಲಪ್ಪ" ಅಂದರು. ಅವರು ನಮ್ಮ ಕಡೆಯ ಮಾತು ಆಡಿದ್ದು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

"ಅಂಟು ಕಣಮ್ಮ ಅದು."

"ಅಂಟಾದ್ರೇನು, ಮಕ್ಳು ಬಾಯ್ಗೆ ಇಕ್ಕಂತವೆ. ಒಂಚೂರು ಉಪ್ಪಾಕು."

ಮುಂದಿನ ವಾರದಿಂದ ಒಂದು ಚಿಟಿಕೆ ಉಪ್ಪು ಹಾಕಿದೆ. ಅಂಟು ಬೇಗ ಹುಳಿ ಬರುವುದೂ ನಿಂತಿತು.

ಮೂರನೇ ತಪ್ಪು ದೊಡ್ಡದು. ಮಾರ್ಗಳಿ ತಿಂಗಳಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಮೇಡಂ ಕೋಲಂ ಹಾಕಿಸೋಣ ಅಂದರು. ಈ ಊರಲ್ಲಿ ಆ ತಿಂಗಳು ಮನೆ ಮುಂದೆಲ್ಲ ರಸ್ತೆ ಅಗಲದ ರಂಗೋಲಿ. ಮಕ್ಕಳ ಕೈಗೆ ಕಲ್ಲಿನ ಪುಡಿ ಬೇಡ, ಏನಾದರೂ ಒಳ್ಳೆಯದು ತನ್ನಿ ಅಂದರು. ನಾನು ಹತ್ತು ಕೇಜಿ ಅಕ್ಕಿ ಹಿಟ್ಟು ತಂದೆ. ಇರುವೆಗೂ ಪುಣ್ಯ, ಹಿಂದಿನವರು ಹಾಗೇ ಹಾಕುತ್ತಿದ್ದರು ಅಂತ ಮೇಡಂಗೂ ಹೇಳಿದೆ. ಮಕ್ಕಳು ಹಾಲಿನ ತುಂಬ ಹಿಟ್ಟು ಚೆಲ್ಲಿದವು. ಕೋಲಂ ಒಂದೂ ಕಾಣಲಿಲ್ಲ, ಹಿಟ್ಟು ಮಾತ್ರ ಕಂಡಿತು. ನಾನು ಗುಡಿಸಿದೆ. ಚೆನ್ನಾಗಿ ಗುಡಿಸಿದೆ ಅಂದುಕೊಂಡೆ.

ಸೋಮವಾರ ಬೀಗ ತೆಗೆದರೆ ಎಗ್ಮೋರಿನ ಇರುವೆಗಳೆಲ್ಲ ಪುಣ್ಯ ತೆಗೆದುಕೊಳ್ಳಲು ಬಂದಿದ್ದವು. ಹಿಂದಿನ ಹಾಲಿನಿಂದ ಒಂದು ಸಾಲು ಹೊರಟು, ಬಿಳಿ ಗೋಡೆ ಹತ್ತಿ, ಒಂದು ದೊಡ್ಡ ಚಿತ್ರದ ಚೌಕಟ್ಟಿನ ಮೇಲೆ ಹಾದು, ಮ್ಯಾನೇಜರ್ ರೂಮಿಗೆ ಹೋಗಿತ್ತು. ಅವರ ಡ್ರಾಯರಿನಲ್ಲಿ ಬಿಸ್ಕತ್ತು ಇದ್ದದ್ದು ಅವತ್ತು ಎಲ್ಲರಿಗೂ ತಿಳಿಯಿತು.

"ಕ್ಲಾಸು ಬಂದ್" ಅಂದರು ಸಾರ್.

"ಮೆಮೊದಲ್ಲಿ ಕೈಗುರುತು ಅಂತ ಇದೆ ಸಾರ್" ಅಂದರು ವಸಂತಿ ಮೇಡಂ. "ಇರುವೆಗೆ ಕೈ ಇಲ್ಲ."

ಸಾರ್ ಐದು ನಿಮಿಷ ಮೇಡಂನ, ಐದು ನಿಮಿಷ ಇರುವೆಯನ್ನ ನೋಡಿದರು. ಕೊನೆಗೆ, ಇನ್ನೊಂದು ಸಲ ಏನಾದರೂ ಆದರೆ ಕೈಯಿರಲಿ ಕಾಲಿರಲಿ ನಾನು ಕೇಳಲ್ಲ ಅಂದರು. ನಾನು ಮೂರು ದಿನ ಅರಿಶಿನದ ಪುಡಿ ಹಿಡಿದು ಗೋಡೆ ಬುಡದಲ್ಲಿ ತೆವಳಿದೆ. ಅವತ್ತಿನಿಂದ ನಿಜವಾದ ಹೆದರಿಕೆ ಶುರುವಾಯಿತು. ಸಾರ್ ಪ್ರತಿ ಸೋಮವಾರ ಟಾರ್ಚು ಹಿಡಿದು ಗೋಡೆ ನೋಡುತ್ತಿದ್ದರು.

ಇಷ್ಟು ಹೊತ್ತಿಗೆ ನನಗೆ ಆ ಕ್ಲಾಸು ನಿಲ್ಲಬಾರದು ಅಂತ ಆಗಿಬಿಟ್ಟಿತ್ತು. ಯಾಕೆ ಅಂದರೆ ಪುಟ್ಟತಾಯಮ್ಮ ಒಬ್ಬರ ವಿಷಯ ಹೇಳಿದರೆ ಸಾಕು. ಧೃತಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳು. ಮನೆಯಲ್ಲಿ ಅಪ್ಪ ಒಂದು ಫೋನು, ಅಮ್ಮ ಒಂದು ಫೋನು, ಮಗುವಿಗೆ ಟೀವಿ. "ಇಲ್ಗಂಟ ಬಂದ್ರೆ ಎಲ್ಡು ಗಂಟೆ ಈ ಮಗ ನನ್ ಪಕ್ಕ ಕುಂತಿರ್ತದೆ ಕಣಪ್ಪ" ಅಂತ ಒಂದು ಸಲ ಹೇಳಿದ್ದರು. "ಈ ಊರ್ನಲ್ಲಿ ನಂಗೆ ಐತವಾರ ಒಂದೇ ವಾರ. ಮಿಕ್ಕವೆಲ್ಲ ಬರೀ ದಿನ."

ಮೊದಮೊದಲು ಅವರು ಬ್ರಷ್ಷು ಮುಟ್ಟಲಿಲ್ಲ. ನಂಗೇನ್ ಬತ್ತದೆ ಅಂತ ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಪೇಪರ್ ಹರಿಯಲು ಕೊಟ್ಟೆ. ಎರಡು ಹಾಳೆ ಹರಿದು, ಇದು ಕೆಲ್ಸವಾ ಅಂತ ಬೈದು ವಾಪಸು ಕೊಟ್ಟರು. ನಾಲ್ಕನೇ ವಾರ ಧೃತಿಯೇ ಅವರ ಕೈಗೆ ಬ್ರಷ್ಷು ತುರುಕಿದಳು. ಅವರು ಒಂದು ಎಮ್ಮೆ ಬರೆದರು. ಧೃತಿ ಎಣಿಸಿ ನೋಡಿ, "ಪಾಟಿ, ಕಾಲ್ ಜಾಸ್ತಿ" ಅಂದಳು. ಪಾಟಿ ಅಂದರೆ ಅಜ್ಜಿ.

"ಅದು ಕಾಲಲ್ಲ ಕಣವ್ವ, ಬಾಲ."

"ವಾಲ್ ಇಂಗೆ ಇರ್ಕೇ." ಬಾಲ ಇಲ್ಲಿದೆಯಲ್ಲ ಅಂತ.

"ಹಂಗಾದ್ರೆ ಅದು ಕೆಚ್ಚಲು. ಸುಮ್ಕೆ ಬಣ್ಣ ಹಚ್ಚು."

ಧೃತಿಗೆ ಕೆಚ್ಚಲು ಅಂದರೇನು ಅಂತ ಗೊತ್ತಿಲ್ಲ. ಅಜ್ಜಿ ವಿವರಿಸಿದರು. ಹಾಲು ಕರೆಯುವುದನ್ನು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು. ಸುತ್ತ ಇದ್ದ ಆರೇಳು ಮಕ್ಕಳು ಬ್ರಷ್ಷು ಬಿಟ್ಟು ಬಂದು ಗಾಳಿಯಲ್ಲಿ ಹಾಲು ಕರೆದವು. ಅವತ್ತು ಎಲ್ಲರ ಕಾಗದದಲ್ಲೂ ಎಮ್ಮೆಯೇ, ಐದೈದು ಕಾಲಿನವು.

ಈಗ ಆ ನೀಲಿ ಬಣ್ಣದ ಭಾನುವಾರದ ಸಂಗತಿ. ನನಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಕ್ಲಾಸು ಮುಗಿದ ಮೇಲೆ ಐದು ನಿಮಿಷ ಮಕ್ಕಳನ್ನು ಗ್ಯಾಲರಿಯೊಳಗೆ ಕರೆದುಕೊಂಡು ಹೋಗಿ ಒಂದೇ ಒಂದು ಚಿತ್ರ ತೋರಿಸುವುದು ನಮ್ಮ ಪದ್ಧತಿ. ಮೊದಲು ಎಲ್ಲ ಮಕ್ಕಳ ಕೈ ತೊಳೆಸಿ, ನಾನೇ ಒಂದೊಂದಾಗಿ ಹಿಂದೆ ಮುಂದೆ ನೋಡಿ ಒಳಗೆ ಬಿಡುತ್ತಿದ್ದೆ. ಅವತ್ತೂ ನೋಡಿದೆ. ಎಲ್ಲ ಶುದ್ಧ.

ಚಿತ್ರ ದೊಡ್ಡವರ ಎತ್ತರಕ್ಕೆ ಹಾಕಿರುತ್ತಾರೆ. ಧೃತಿ ಕೆಳಗಿನಿಂದ ನನ್ನ ಷರಟು ಎಳೆದು, "ತೂಕ್ಕು ತಾತಾ" ಅಂದಳು. ಎತ್ತು ಅಂತ. ಬಲಗೈಯಲ್ಲಿ ಎತ್ತಿಕೊಂಡೆ. ಅಷ್ಟು ದೊಡ್ಡ ಮಗು ಹಗುರ ಅಲ್ಲ, ನನ್ನ ಮಂಡಿ ಹಳೆಯದು. ಕುಸಿಯುವ ಹಾಗಾಗಿ ಎಡಗೈಯನ್ನು ಗೋಡೆಗೆ ಕೊಟ್ಟೆ. ಅವಳು ಚಿತ್ರ ನೋಡಿದಳು, ಇಳಿಸಿದೆ. ಎಲ್ಲರೂ ಚೀಲ ತೆಗೆದುಕೊಳ್ಳಲು ಹಿಂದಿನ ಹಾಲಿಗೆ ಹೋದೆವು. ಅಲ್ಲಿ ನನ್ನ ಎಡಗೈ ನೋಡಿಕೊಂಡೆ. ಮಕ್ಕಳು ಕೈ ತೊಳೆಯುವಾಗ ಉಳಿದ ನೀಲಿ ಬಣ್ಣವನ್ನು ಡಬ್ಬಕ್ಕೆ ಸುರಿದಿದ್ದು ನಾನೇ. ಮಕ್ಕಳ ಕೈಯನ್ನು ನೋಡಿದವನು ನನ್ನ ಕೈ ನೋಡಿಕೊಂಡಿರಲಿಲ್ಲ.

ಓಡಿಹೋಗಿ ಒರೆಸೋಣ ಅಂತ ಬಟ್ಟೆ ತೆಗೆದುಕೊಳ್ಳುವಷ್ಟರಲ್ಲಿ ಗ್ಯಾಲರಿಯಿಂದ ಮ್ಯಾನೇಜರ್ ಸಾರ್ ಧ್ವನಿ ಕೇಳಿತು. ಭಾನುವಾರ ಎಂದೂ ಬರದವರು ಅವತ್ತು ಬಿಟ್ಟುಹೋದ ಕನ್ನಡಕ ತೆಗೆದುಕೊಳ್ಳಲು ಬಂದಿದ್ದರು. ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದೇ ಗೋಡೆ.

ನಾನು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿದೆ.

"ಯಾರೂ ಹೊರಗೆ ಹೋಗಬಾರದು" ಅಂದರು ಸಾರ್. ಹನ್ನೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದರ ಕೈಯನ್ನು ಗುರುತಿನ ಪಕ್ಕಕ್ಕೆ ಎತ್ತಿ ಹಿಡಿದು ನೋಡಿದರು. ಮಕ್ಕಳಿಗೆ ಇದು ಆಟ. ಎರಡು ಮಕ್ಕಳು ಮತ್ತೆ ಬಂದು ಸಾಲಿನಲ್ಲಿ ನಿಂತವು. ಯಾವ ಕೈಯೂ ಆ ಗುರುತಿನ ಅರ್ಧ ಇರಲಿಲ್ಲ. ಸಾರ್ ಅಪ್ಪಂದಿರನ್ನು ಕರೆದರು. ಬ್ಯಾಂಕಿನ ಸಾರ್, "ನನ್ನ ಸಹಿಗೆ ಕೋಟಿ ಕೋಟಿ ಸಾಲ ಆಗುತ್ತೆ, ನನ್ನ ಕೈ ಪರೀಕ್ಷೆ ಮಾಡ್ತೀರಾ?" ಅಂತ ಕೂಗಾಡಿ, ಆಮೇಲೆ ಕೈ ಕೊಟ್ಟರು. ಅವರ ಬೆರಳು ಗಿಡ್ಡ, ಹೊಂದಲಿಲ್ಲ.

"ಯಾರದ್ದಾದರೂ ಆಗಲಿ. ಕ್ಲಾಸು ಇವತ್ತಿಗೆ ಮುಗೀತು" ಅಂದರು ಸಾರ್.

ವಸಂತಿ ಮೇಡಂ ವಾದ ಮಾಡಲಿಲ್ಲ. ಬಾಗಿಲ ಹತ್ತಿರ ಹೋಗಿ, ಮಕ್ಕಳೇ ಬಣ್ಣ ಹಾಕಿ ಮಾಡಿದ್ದ ಕ್ಲಾಸಿನ ಬೋರ್ಡಿನ ದಾರ ಬಿಚ್ಚತೊಡಗಿದರು. ಅವರು ವಾದ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಜೇಬಿನಲ್ಲಿ ಕೈಯಿಟ್ಟು ನಿಂತೇ ಇದ್ದೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮೇಲೆ ಒಂದು ದೂರಿಲ್ಲ. ಇನ್ನು ನಾಲ್ಕು ತಿಂಗಳು. ಗೋಡೆ ಕಾಯುವವನೇ ಗೋಡೆ ಕೆಡಿಸಿದ ಅಂತ ಹೆಸರು ಹೊತ್ತುಕೊಂಡು ಹೋಗಬೇಕಲ್ಲ ಅನ್ನುವ ಯೋಚನೆಯೇ ತಲೆ ತುಂಬ ಇತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ.

ಪುಟ್ಟತಾಯಮ್ಮ ಗೋಡೆಯ ಹತ್ತಿರ ಹೋಗಿ ಆ ಗುರುತನ್ನು ಬಗ್ಗಿ ನೋಡಿದರು. ಆಮೇಲೆ ನನ್ನ ಪಕ್ಕ ಬಂದು ನಿಂತು, ಬೇರೆಯವರಿಗೆ ಅರ್ಥವಾಗದಂತೆ ನಮ್ಮ ಮಾತಿನಲ್ಲಿ ಮೆಲ್ಲಗೆ ಕೇಳಿದರು:

"ಎಲ್ರೂ ಕೈ ತೋರ್ಸುದ್ರು. ನೀನ್ ಯಾಕಪ್ಪ ತೋರ್ಸ್ನಿಲ್ಲ?"

ನಾನು ಕೈಯನ್ನು ಜೇಬಿನಲ್ಲಿ ಇನ್ನೂ ಒಳಕ್ಕೆ ತಳ್ಳಿದೆ.

"ಆ ಮಗ ನಾಳಿಕ್ ಬರೂ ಐತವಾರ ಎಲ್ಗೋಗದು ಅಂತ ಕೇಳುದ್ರೆ ನಾನ್ ಏನ್ ಹೇಳ್ಲಿ? ಮಾದಪ್ಪನ ಜೇಬಿಗೋಗವ್ವ ಅನ್ಲಾ?"

ಕೈ ಹೊರಗೆ ತೆಗೆದೆ. ಜೇಬೂ ನೀಲಿಯಾಗಿತ್ತು, ಪ್ಯಾಂಟಿನ ಹೊರಗೂ ನೀಲಿ ಬಂದಿತ್ತು. "ಸಾರ್, ನನ್ನದು" ಅಂದೆ.

ಸಾರ್ ನಂಬಲಿಲ್ಲ. ಮಕ್ಕಳನ್ನು ಉಳಿಸಲು ಹೇಳುತ್ತಿದ್ದೇನೆ ಅಂದುಕೊಂಡು, ಬಾ ಇಲ್ಲಿ ಅಂತ ಕರೆದು ನನ್ನ ಕೈಯನ್ನು ಗುರುತಿನ ಮೇಲೆ ಇಡಿಸಿದರು. ಸರಿಯಾಗಿ ಕೂತಿತು. ತೆಗೆದಾಗ ಗುರುತು ಇನ್ನೂ ಗಾಢವಾಗಿತ್ತು. ಈ ಸಲದ್ದು ಅವರೇ ಇಡಿಸಿದ್ದು, ಅದು ಅವರಿಗೂ ಹೊಳೆಯಿತು.

ಸಾರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ, "ಊರಿಗೆಲ್ಲ ಮುಟ್ಟಬೇಡಿ ಮುಟ್ಟಬೇಡಿ ಅಂದವನು ನೀನು" ಅಂದರು.

"ಹೌದು ಸಾರ್. ನನಗೆ ಯಾರೂ ಹೇಳಲಿಲ್ಲ."

ಹಿಂದೆ ಯಾರೋ ನಕ್ಕರು. ಬ್ಯಾಂಕಿನ ಸಾರ್ ಇರಬೇಕು. ಆಮೇಲೆ ಎಲ್ಲರೂ ನಕ್ಕರು. ಮ್ಯಾನೇಜರ್ ಸಾರ್ ನಗಲಿಲ್ಲ. ಸಾಲಿನಲ್ಲಿ ನಿಂತಿದ್ದ ಮಕ್ಕಳನ್ನು, ಅವುಗಳ ಶುದ್ಧವಾದ ಕೈಗಳನ್ನು ಇನ್ನೊಮ್ಮೆ ನೋಡಿದರು. "ಇವರ ಕ್ಲಾಸು ಮುಚ್ಚೋಕೆ ನನಗೆ ಕಾರಣ ಸಿಗ್ತಿಲ್ಲ. ಮುಚ್ಚಬೇಕಾದ್ದು ನಿನ್ನನ್ನ" ಅಂದರು. ಬಾಗಿಲ ಕಡೆ ತಿರುಗಿ, "ಮೇಡಂ, ಆ ಬೋರ್ಡು ಸೊಟ್ಟ ಆಗಿದೆ, ನೇರ ಮಾಡಿ" ಅಂತ ಹೇಳಿ ಹೋದರು. ನಾನು ಸಂಜೆವರೆಗೆ ಕೂತು ಗೋಡೆಗೆ ಎರಡು ಕೋಟು ಬಿಳಿ ಹೊಡೆದೆ.

ಸೋಮವಾರ ಮೆಮೊ ಬಂತು. ನನ್ನ ಹೆಸರಿಗೆ ಬಂದ ಮೊದಲ ಎಚ್ಚರಿಕೆ. ಕ್ಲಾಸಿನಲ್ಲಿ ಕೆಲಸ ಮಾಡುವ ಸಿಬ್ಬಂದಿ ಕೂಡ ಮಕ್ಕಳ ಜೊತೆ ಸಾಲಿನಲ್ಲಿ ನಿಂತು, ಕೈ ತೊಳೆದು, ತೋರಿಸಿ, ಪಾಸಾದ ಮೇಲೆಯೇ ಗ್ಯಾಲರಿಗೆ ಬರತಕ್ಕದ್ದು. ಪಾಸು ಮಾಡುವವರು ಯಾರು ಅಂತ ಬರೆದಿರಲಿಲ್ಲ. ವಸಂತಿ ಮೇಡಂ ಆ ಕೆಲಸವನ್ನು ವಾರಕ್ಕೊಂದು ಮಗುವಿಗೆ ಕೊಟ್ಟರು. ನೀವು ಸೇರಿದ ಮೇಲೆ ನಿಮ್ಮ ಕೈಯನ್ನೂ ನೋಡುತ್ತಾರೆ. ಉಗುರಿನ ಸಂದಿ ನೋಡುತ್ತಾರೆ. ಲಂಚಕ್ಕೆ ಬಿಸ್ಕತ್ತು ಕೊಟ್ಟರೆ ತೆಗೆದುಕೊಂಡು ತಿಂದು, ಆಮೇಲೂ ಫೇಲ್ ಮಾಡುತ್ತಾರೆ.

ನನ್ನ ಕೊನೆಯ ಭಾನುವಾರ ಕೈ ನೋಡುವ ಸರದಿ ಧೃತಿಯದು. ಒಳಗೆ ಗ್ಯಾಲರಿಯಲ್ಲಿ ನನಗೆ ಬೀಳ್ಕೊಡುಗೆ. ಜಯಮ್ಮ ರೇಷ್ಮೆ ಸೀರೆ ಉಟ್ಟು ಬಂದು ಕೂತಿದ್ದಳು. ಮ್ಯಾನೇಜರ್ ಸಾರ್ ಬಿಳಿ ಷರಟಿನಲ್ಲಿ ಗುಲಾಬಿ ಹಾರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಧೃತಿ ನನ್ನ ಎರಡೂ ಕೈ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಉಗುರಿನ ಹತ್ತಿರ ನಿಂತಳು. "ಇನ್ನೊರು ವಾಟಿ" ಅಂದಳು. ಇನ್ನೊಂದು ಸಲ.

"ಪರವಾಗಿಲ್ಲ ಪಾಪಾ, ಇವತ್ತೊಂದು ದಿನ ಬಿಡು" ಅಂದರು ಮ್ಯಾನೇಜರ್ ಸಾರ್.

ಧೃತಿ ಅವರ ಕೈ ಕಡೆ ನೋಡಿದಳು. ಸಾರ್ ಹಾರದ ಸಮೇತ ಕೈಗಳನ್ನು ಬೆನ್ನ ಹಿಂದಕ್ಕೆ ಸರಿಸಿದರು.

ನಾನು ಹೋಗಿ ಕೈ ತೊಳೆಯುವ ಸಾಲಿನ ಕೊನೆಗೆ ನಿಂತೆ. ನನ್ನ ಮುಂದೆ ಹನ್ನೊಂದು ಮಕ್ಕಳಿದ್ದವು. ಸೋಪು ಒಂದೇ ಇತ್ತು. ನನ್ನ ಸರದಿ ಬಂದಾಗ ನಿಧಾನವಾಗಿಯೇ ಹಚ್ಚಿಕೊಂಡೆ.